ಕಸ್ತೂರೆವ್ವನ ಹೆಸರಿಗೆ ಬಂದ ರಿಪೋರ್ಟು

ಜನವರಿ ಕೊನೆಗೆ ಅಥಣಿಯ ಆ ಲ್ಯಾಬಿನಲ್ಲಿ ಚಹಾ ಕುಡಿಯಲೂ ಪುರುಸೊತ್ತು ಸಿಗುವುದಿಲ್ಲ. ಹೊರದೇಶಕ್ಕೆ ಹೋಗುವ ದ್ರಾಕ್ಷಿಯಲ್ಲಿ ಹೊಡೆದ ಔಷಧ ಎಷ್ಟು ಉಳಿದಿದೆ ಎಂಬುದು ಅಲ್ಲಿ ಪರೀಕ್ಷೆಯಾಗಬೇಕು. ರಿಪೋರ್ಟು ಕೈಸೇರಿದ ಮೇಲೆಯೇ ತೋಟದಲ್ಲಿ ಗೊನೆಗೆ ಕತ್ತರಿ ತಾಗಬೇಕು. ಜಿನಮತಿ ಮೇಡಂ ಹನ್ನೆರಡು ವರ್ಷದ ಹಿಂದೆ ಒಂದೇ ಕೋಣೆಯಲ್ಲಿ ಶುರುಮಾಡಿದ್ದ ಲ್ಯಾಬು ಈಗ ಎರಡು ಅಂತಸ್ತಿಗೆ ಬೆಳೆದಿತ್ತು.

ಯಾಸ್ಮಿನ ಅಲ್ಲಿಗೆ ಬಂದದ್ದು ಬರೀ ಟೈಪಿಂಗ್ ಕೆಲಸಕ್ಕೆ. ಕಾಗವಾಡದಲ್ಲಿ ಟ್ರ್ಯಾಲಿ ವೆಲ್ಡಿಂಗ್ ಮಾಡುವ ಅಲ್ಲಾಬಕ್ಷನ ಮಗಳು; ಬಿಸಿಎ ಮುಗಿಸಿ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು. ರಿಪೋರ್ಟುಗಳನ್ನು ಒಂದೊಂದಾಗಿ ಟೈಪಿಸುವುದು ಬೇಸರ ತಂದು, ತಾನೇ ಒಂದು ಸಾಫ್ಟ್‌ವೇರ್ ಬರೆಯಲು ಕೂತಳು. ಒಂದೂವರೆ ವರ್ಷದಲ್ಲಿ ಇಡೀ ಲ್ಯಾಬು ಅದರ ಮೇಲೆಯೇ ನಡೆಯತೊಡಗಿತು. ಮೇಡಂ ಸಹಿ ಒತ್ತಿದರೆ ಸಾಕು, ಸಾಫ್ಟ್‌ವೇರು ಆ ರಿಪೋರ್ಟನ್ನು ಒಂದು ಈಮೇಲ್ ಸೇವೆಯ ಕೈಗೆ ಕೊಡುತ್ತಿತ್ತು. ಆ ಸೇವೆ ಅರ್ಧ ನಿಮಿಷದೊಳಗೆ ರೈತನಿಗೊಂದು, ದ್ರಾಕ್ಷಿಯನ್ನು ಡಬ್ಬಿಗೆ ತುಂಬಿ ಹೊರದೇಶಕ್ಕೆ ಕಳಿಸುವ ಪ್ಯಾಕ್‌ಹೌಸಿಗೊಂದು ಮೇಲ್ ಮುಟ್ಟಿಸುತ್ತಿತ್ತು.

ವಾಟ್ಸಾಪಿನಲ್ಲಿ ಕಳಿಸಿದರೆ ಸಾಲದೆ ಎಂದು ಎಲ್ಲರೂ ಕೇಳುತ್ತಿದ್ದರು. ಹಿಂದಿನ ವರ್ಷ ಕೈಯಿಂದ ಕೈಗೆ ದಾಟಿದ ಒಂದು ರಿಪೋರ್ಟಿನಲ್ಲಿ ಯಾರೋ ಅಂಕಿ ತಿದ್ದಿದ್ದರು. ಅಂದಿನಿಂದ ಲ್ಯಾಬಿನ ವಿಳಾಸದಿಂದ ನೇರವಾಗಿ ಬಂದ ಮೇಲನ್ನಷ್ಟೇ ಪ್ಯಾಕ್‌ಹೌಸುಗಳು ನಂಬುತ್ತಿದ್ದವು.

ಮೊದಮೊದಲು ಮೇಲುಗಳೆಲ್ಲ ಸ್ಪ್ಯಾಮಿಗೆ ಹೋಗಿ ಬೀಳುತ್ತಿದ್ದವು. ಲ್ಯಾಬಿನ ಹೆಸರಿನಲ್ಲಿ ಮೇಲ್ ಕಳಿಸಲು ಈ ಸೇವೆಗೆ ಒಪ್ಪಿಗೆ ಇದೆ ಎಂಬ ದಾಖಲೆಯನ್ನು ಲ್ಯಾಬಿನ ಡೊಮೇನಿನಲ್ಲಿ, ಎಂದರೆ ಅದರ ಇಂಟರ್ನೆಟ್ ಹೆಸರಿನ ಖಾತೆಯಲ್ಲಿ, ಸೇರಿಸಬೇಕು ಎಂದು ಯಾಸ್ಮಿನ ಓದಿ ತಿಳಿದುಕೊಂಡಳು. ಸೇರಿಸಿದ ಮೂರನೆಯ ದಿನದಿಂದ ಮೇಲುಗಳು ಇನ್‌ಬಾಕ್ಸಿಗೇ ಬಂದವು. ಒಕ್ಕಣೆ ಇಂಗ್ಲಿಷಿನಲ್ಲಿದ್ದರೆ ಚೆಂದ ಎಂದು ಕೌಂಟರಿನಲ್ಲಿ ಕೂತು ರೈತರ ಫಾರಂ ತುಂಬುವ ಉತ್ತಮ ಹೇಳಿದ್ದ. ಓದುವವರು ರೈತರು ಎಂದು ಅವಳು ಕನ್ನಡದಲ್ಲೇ ಬರೆದಳು.

ಎಲ್ಲ ಸುಸೂತ್ರವಾಗಿದೆ ಎನ್ನುವಾಗಲೇ ಒಂದು ಮಂಗಳವಾರ ಹತ್ತೂವರೆಗೆ ಮೇಲುಗಳು ನಿಂತವು. ಯಾಸ್ಮಿನ ತೆರೆದು ನೋಡಿದರೆ ಸೇವೆಯವರ ಸೂಚನೆ ಬಂದಿತ್ತು: ನೀವು ಕಳಿಸಿದ್ದರಲ್ಲಿ ತುಂಬ ಮೇಲುಗಳು ಇಲ್ಲದ ವಿಳಾಸಗಳಿಂದ ವಾಪಸಾಗಿವೆ, ಆದ್ದರಿಂದ ನಿಮ್ಮ ಖಾತೆಯನ್ನು ತಡೆದಿದ್ದೇವೆ.

ಇನ್ನೂರ ಹನ್ನೆರಡು ರೈತರ ವಿಳಾಸಗಳಲ್ಲಿ ಅರವತ್ತಮೂರು ಸುಳ್ಳು. ಅವಳು ಯಾದಿ ತೆಗೆದು ನೋಡಿದಳು. ‘@’ ಗುರುತಿನ ಮುಂಚೆ ಒಂದು ಕಡೆ ‘ಇಲ್ಲ’ ಎಂದಿತ್ತು, ಇನ್ನೊಂದು ಕಡೆ ‘ಗೊತ್ತಿಲ್ಲ’. ಕೆಳಗೆ ರೈತ ಒಂದು, ರೈತ ಎರಡು ಎಂದು ಮೂವತ್ತರವರೆಗೆ ಸಾಲುಸಾಲು.

“ಉತ್ತಮ ದಾದಾ, ಇವನ್ನ ನೀವ ಹಾಕೀರೇನ್ರಿ?”

ಉತ್ತಮನ ಮುಖ ಸಣ್ಣದಾಯಿತು. “ಮತ್ತೇನ ಮಾಡ್ಲಿ ತಂಗಿ? ಈಮೇಲ್ ಹಾಕಲಾರ್ದ ನಿನ್ನ ಫಾರಂ ಮುಂದ ಹೋಗೂದಿಲ್ಲ. ಕೌಂಟರ್ ಮುಂದ ಮಂದಿ ದ್ರಾಕ್ಷಿ ಹಿಡಕೊಂಡ ನಿಂತಿರ್ತಾರ. ಈಮೇಲ್ ಐತೇನ್ರಿ ಅಂದ್ರ, ಇಲ್ಲ ಅಂತಾರ. ಹಂಗ ಬರದೆ.”

ಯಾಸ್ಮಿನಳಿಗೆ ಸಿಟ್ಟು ಬಂದದ್ದು ನಿಜ. ಆದರೆ ಅದು ಉತ್ತಮನ ಮೇಲೆ ನಿಲ್ಲಲಿಲ್ಲ. ಈಮೇಲಿನ ಖಾನೆ ತುಂಬದೆ ಫಾರಂ ಮುಂದೆ ಹೋಗಬಾರದು ಎಂದು ಬರೆದವಳು ತಾನೇ. ವಿಳಾಸ ಖರೆಯೋ ಸುಳ್ಳೋ ಎಂದು ಒಮ್ಮೆಯೂ ಪರೀಕ್ಷಿಸದವಳೂ ತಾನೇ.

“ಅಷ್ಟ್ಯಾಕ ತಲಿ ಕೆಡಿಸ್ಕೋತಿ?” ಎಂದ ಉತ್ತಮ. “ನನ್ನ ಹೆಸರಿಲೆ ಇನ್ನೊಂದ ಖಾತೆ ತಗಿ. ಹತ್ತ ನಿಮಿಷದ ಕೆಲಸ.”

ಸದ್ದು ಕೇಳಿ ಹೊರಬಂದಿದ್ದ ಜಿನಮತಿ ಮೇಡಂ ಯಾಸ್ಮಿನಳ ಮುಖ ನೋಡಿದರು. ಅಂದು ಮೂವತ್ತೆಂಟು ರಿಪೋರ್ಟು ಹೋಗಬೇಕಿತ್ತು.

“ಬ್ಯಾಡ್ರಿ ಮೇಡಂ,” ಎಂದಳು ಯಾಸ್ಮಿನ. “ಇದ ಯಾದಿ ಅಲ್ಲಿಗೆ ಒಯ್ದ್ರ ಎರಡ ದಿನದಾಗ ಅದೂ ಬಂದ್ ಆಗ್ತೈತಿ. ಆಮ್ಯಾಲ ನಮ್ಮ ಲ್ಯಾಬಿನ ಹೆಸರಿನ ಮ್ಯಾಲ ಯಾರೂ ಭರೋಸಾ ಇಡೂದಿಲ್ಲ. ತಪ್ಪ ನಂದೈತ್ರಿ. ನಾನ ಸರಿ ಮಾಡ್ತೀನಿ.”

ಮೇಡಂ ಗಡಿಯಾರ ನೋಡಿದರು. “ಸಂಜೀ ಐದರತನಕ ಟೈಮ್ ಐತಿ ನಿನಗ. ಆಗಲಿಲ್ಲಂದ್ರ ನಾನ ಎಲ್ಲಾ ಪ್ಯಾಕ್‌ಹೌಸಿಗೂ ಫೋನ್ ಮಾಡಿ ಕ್ಷಮಾ ಕೇಳ್ತೀನಿ.”

ಯಾಸ್ಮಿನ ಮೊದಲು ಫಾರಂ ತಿದ್ದಿದಳು. ಈಮೇಲ್ ಇಲ್ಲದವರ ಖಾನೆ ಖಾಲಿ ಬಿಡಬಹುದು. ಕೊಟ್ಟವರಿಗೆ ಮೊದಲು ಒಂದು ಚಿಕ್ಕ ಮೇಲ್ ಹೋಗಬೇಕು. ಅದರಲ್ಲಿನ ಗುಂಡಿ ಒತ್ತಿ ‘ಹೌದು, ಇದು ನನ್ನದೇ’ ಎಂದವರಿಗೆ ಮಾತ್ರ ರಿಪೋರ್ಟು. ವಾಪಸಾದ ಅರವತ್ತಮೂರನ್ನೂ ಯಾದಿಯಿಂದ ಕಿತ್ತುಹಾಕಿದಳು. ಆಮೇಲೆ ಸೇವೆಯವರಿಗೆ ಪತ್ರ ಬರೆದಳು. ಸಬೂಬು ಹೇಳಲಿಲ್ಲ. ಫಾರಂ ನನ್ನದು, ಅದರ ದೋಷ ಇದು, ಈಗ ಮಾಡಿದ ತಿದ್ದುಪಡಿ ಇದು ಎಂದು ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿದಾಗ ಹನ್ನೆರಡು ದಾಟಿತ್ತು.

ಅಷ್ಟರಲ್ಲಿ ಅಥಣಿ ಹತ್ತಿರದ ಅನಂತಪುರದಿಂದ ಒಬ್ಬ ಹೆಣ್ಣುಮಗಳು ಬಸ್ಸಿಳಿದು ಸೀದಾ ಕೌಂಟರಿಗೆ ಬಂದಳು. ಐವತ್ತರ ಆಸುಪಾಸು, ತಲೆಯ ಮೇಲೆ ಸೆರಗು, ಕೈಯಲ್ಲಿ ಫೋನು.

“ನಾ ಕಸ್ತೂರೆವ್ವ. ನನ್ನ ತೋಟದ ರಿಪೋರ್ಟ್ ಎಲ್ಲೈತವ್ವ? ನಾಳೆ ಮುಂಜಾನೆ ಕಟಾವಿನ ಟೋಳಿ ಬರತೈತಿ. ಪ್ಯಾಕ್‌ಹೌಸಿನವ್ರು ಬಂದಿಲ್ಲ, ಬಂದಿಲ್ಲ ಅನ್ನಾಕತ್ತಾರ.”

ಯಾಸ್ಮಿನ ಅವಳನ್ನು ಕೂರಿಸಿ ನೀರು ಕೊಟ್ಟಳು. “ರಿಪೋರ್ಟ್ ತಯಾರ ಐತ್ರಿ ಅಕ್ಕಾರ. ಕಳಸೂದು ನಿಂತೈತಿ, ಅದು ನನ್ನ ತಪ್ಪಿನಿಂದ. ಸಂಜೀ ಒಳಗ ಕಳಸ್ತೀನಿ. ನಿಮ್ಮ ಈಮೇಲ್ ಯಾವುದ್ರಿ?”

“ನಮಗೆಲ್ಲೀ ಈಮೇಲ್ ತಂಗಿ! ಅವ್ರದಾ ಏನರ ಇದ್ರ ಇರಬೇಕು.” ಅವರು ಎಂದರೆ ಗಂಡ ವಿರುಪಾಕ್ಷಪ್ಪ.

“ತೋಟ ಯಾರ ಹೆಸರಿನ್ಯಾಗ ಐತ್ರಿ?”

“ನನ್ನ ಹೆಸರಿನ್ಯಾಗ. ತವರ ಮನಿಯಾವ್ರು ಕೊಟ್ಟ ಮೂರೆಕರೆ.”

“ಹಂಗಾರ ಫೋನ್ ಕೊಡ್ರಿ ಇತ್ಲಾಗ.”

ಫೋನಿನ ಒಳಗೆ ಎರಡು ಕಡೆ ಒತ್ತಿ ನೋಡಿದರೆ, ವಿಳಾಸ ಅಲ್ಲೇ ಇತ್ತು. ಫೋನು ಕೊಂಡ ದಿನ ಮಗಳು ಕೋಮಲ ತಾಯಿಯ ಹೆಸರಿನಲ್ಲೇ ಮಾಡಿಟ್ಟಿದ್ದಳು. ಯಾರೂ ಅದನ್ನು ತೆರೆದಿರಲಿಲ್ಲ ಅಷ್ಟೆ.

“ಇದು ನನ್ನದ?” ಎಂದಳು ಕಸ್ತೂರೆವ್ವ.

“ನಿಮ್ದ ರಿ. ಮೂರ ವರ್ಷದಿಂದ ಐತಿ.”

ಯಾಸ್ಮಿನಳಿಗೆ ಥಟ್ಟನೆ ಹೊಳೆಯಿತು. ಇಂಥ ಫೋನು ಇಟ್ಟುಕೊಂಡವರಿಗೆಲ್ಲ ವಿಳಾಸ ಇದ್ದೇ ಇರುತ್ತದೆ. ಇದೆ ಎಂಬುದೇ ಅವರಿಗೆ ಗೊತ್ತಿಲ್ಲ. ಉಳಿದ ಅರವತ್ತೆರಡು ಹೆಸರನ್ನು ಮೂರು ಪಾಲು ಮಾಡಿದಳು. ಒಂದು ಉತ್ತಮನಿಗೆ, ಒಂದು ತನಗೆ. ಮೂರನೆಯದನ್ನು ಜಿನಮತಿ ಮೇಡಂ ತಾವೇ ಕೇಳಿ ಇಸಿದುಕೊಂಡರು. ಫೋನಿನ ಮೇಲೆ ಫೋನು ಹೋದವು. ಗಡಿಯಾಚೆ ತೋಟ ಇದ್ದವರ ಜೊತೆ ಉತ್ತಮ ಮರಾಠಿಯಲ್ಲಿ ಮಾತಾಡಿದ. ಜುಗೂಳದ ಬೀರದೇವ ಎಂಬ ರೈತ ಹೊಳೆಯ ದಂಡೆಯಲ್ಲಿ ಪಂಪ್‌ಸೆಟ್ಟಿನ ಹತ್ತಿರ ನಿಂತೇ ಒಂದೊಂದು ಅಕ್ಷರ ಕೂಗಿ ಹೇಳಿದ.

“ಬಿ ಹಾಕೀರಿ?”

“ಹಾಕೀನ್ರೀ!” ಉತ್ತಮನೂ ಅಷ್ಟೇ ಜೋರಾಗಿ ಕೂಗುತ್ತಿದ್ದ.

ಮೂರು ಗಂಟೆಗೆ ಲೆಕ್ಕ ಹಾಕಿದರೆ ಐವತ್ತೊಂದು ವಿಳಾಸ ಸಿಕ್ಕಿದ್ದವು. ಒಂಬತ್ತು ಜನರ ಹತ್ತಿರ ಅಂಥ ಫೋನೇ ಇರಲಿಲ್ಲ. ಅವರಿಗೆ ಕಾಗದದ ರಿಪೋರ್ಟು, ಪ್ಯಾಕ್‌ಹೌಸಿಗೆ ಮಾತ್ರ ಮೇಲು. ಇಬ್ಬರು ಫೋನ್ ಎತ್ತಲಿಲ್ಲ.

ಸೇವೆಯವರಿಂದ ಒಂದು ಪ್ರಶ್ನೆ ಬಂತು: ಹೊಸ ವಿಳಾಸ ಖರೆ ಎಂದು ಇನ್ನು ಹೇಗೆ ತಿಳಿಯುತ್ತೀರಿ? ಯಾಸ್ಮಿನ ತಿದ್ದಿದ ಫಾರಮ್ಮಿನ ಚಿತ್ರ ತೆಗೆದು ಕಳಿಸಿದಳು. ಆಮೇಲೆ ಕಾಯುವುದೊಂದೇ ಕೆಲಸ. ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು. ಕಸ್ತೂರೆವ್ವ ತನ್ನ ಗಂಟು ಬಿಚ್ಚಿ ಅರ್ಧ ರೊಟ್ಟಿ, ಶೇಂಗಾ ಚಟ್ನಿಪುಡಿ ಅವಳ ಮುಂದಿಟ್ಟಳು. “ತಿನ್ನು. ಹಸದ ಹೊಟ್ಟೀಲೆ ಕುಂತ್ರ ಲಗೂ ಬರತೈತೇನ?”

ನಾಲ್ಕು ನಲವತ್ತಕ್ಕೆ ಉತ್ತರ ಬಂತು. ಖಾತೆ ತೆರೆದಿತ್ತು. ಕೊನೆಗೆ ಅಲ್ಲಿಯ ಯಾರೋ ಒಂದು ಸಾಲು ಸೇರಿಸಿದ್ದರು: ಇಷ್ಟು ಸ್ಪಷ್ಟವಾಗಿ ಕಾರಣ ಬರೆಯುವವರು ಅಪರೂಪ.

ಯಾಸ್ಮಿನ ಆ ಸಾಲನ್ನು ಎರಡು ಸಲ ಓದಿದಳು. ಎದೆ ತುಂಬಿ ಬಂತು, ಆದರೆ ಕೂತು ಸಂತೋಷಪಡಲು ಹೊತ್ತಿರಲಿಲ್ಲ. ಗುಂಡಿ ಇರುವ ಆ ಚಿಕ್ಕ ಮೇಲನ್ನು ಮೊದಲು ಕಸ್ತೂರೆವ್ವನಿಗೆ ಕಳಿಸಿದಳು. ಕಸ್ತೂರೆವ್ವ ತೋರುಬೆರಳಿನಿಂದ ಗುಂಡಿ ಒತ್ತಿದಳು. ಮೇಡಂ ಅವಳ ರಿಪೋರ್ಟನ್ನು ಮತ್ತೊಮ್ಮೆ ಹೊರಡಿಸಿದರು. ಫೋನು ಟಿಂಗ್ ಎಂದಿತು.

ಕಸ್ತೂರೆವ್ವ ಅಕ್ಷರಕ್ಕೆ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು: “ಕಸ್ತೂರೆವ್ವ ಅವರಿಗೆ ನಮಸ್ಕಾರ. ಅನಂತಪುರದ ನಿಮ್ಮ ತೋಟದ ದ್ರಾಕ್ಷಿ ಪರೀಕ್ಷೆಯಲ್ಲಿ ಪಾಸಾಗಿದೆ.”

ಓದಿ ಮುಗಿಸಿ ತನ್ನ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟಳು. “ತೋಟ ನನ್ನ ಹೆಸರಿಗೆ ಆಗಿ ಹತ್ತ ವರ್ಷ ಆತು. ಬರೂ ಕಾಗದ ಎಲ್ಲಾ ಅವ್ರ ಹೆಸರಿಗೇ ಬರ್ತಾವ. ಇದು ಮೊದಲನೇದು ನೋಡ,” ಎಂದಳು. ಆಮೇಲೆ ಮನೆಗೆ ಫೋನ್ ಹಚ್ಚಿದಳು. “ಏನ್ರೀ, ರಿಪೋರ್ಟ್ ಬಂತ್ರಿ. ಹಾಂ? ನಿಮಗಲ್ರಿ, ನನಗ!”

ಐದಕ್ಕೆ ಇನ್ನೂ ಕೆಲವು ನಿಮಿಷ ಇರುವಾಗ ಮೂವತ್ತೆಂಟೂ ರಿಪೋರ್ಟು ಪ್ಯಾಕ್‌ಹೌಸುಗಳಿಗೆ ಮುಟ್ಟಿದ್ದವು. ಒಂದು ಪ್ಯಾಕ್‌ಹೌಸಿನ ಮ್ಯಾನೇಜರ್ ಫೋನ್ ಮಾಡಿ, ಬೆಳಗಿನಿಂದ ಏನಾಗಿತ್ತು, ಯಾರು ಸರಿ ಮಾಡಿದರು ಎಂದು ಕೇಳಿದ. ಜಿನಮತಿ ಮೇಡಂ ತಾವೇ ವಿವರಿಸಲು ಹೋಗಲಿಲ್ಲ. “ನಮ್ಮ ಇಂಜಿನಿಯರ್ ಅದಾರ. ಅವ್ರ ಹೇಳ್ತಾರ, ಮಾತಾಡ್ರಿ,” ಎಂದು ಫೋನನ್ನು ಯಾಸ್ಮಿನಳ ಕೈಗಿಟ್ಟರು. ಇಂಜಿನಿಯರ್ ಎಂಬ ಮಾತನ್ನು ಅವರು ಯಾಸ್ಮಿನಳ ಬಗ್ಗೆ ಆಡಿದ್ದು ಅದೇ ಮೊದಲು. ಮ್ಯಾನೇಜರ್ ಜೊತೆ ಮಾತಾಡುವಾಗ ತನ್ನ ಬೆನ್ನು ತಾನಾಗಿಯೇ ನೆಟ್ಟಗಾದದ್ದು ಅವಳಿಗೇ ಗೊತ್ತಾಯಿತು.

ಆ ಹಂಗಾಮಿನಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ರಿಪೋರ್ಟು ಹೋದವು. ವಾಪಸು ಬಂದವು ಹನ್ನೊಂದು. ಆ ಹನ್ನೊಂದು ರೈತರ ಹೆಸರು, ಊರು ಯಾಸ್ಮಿನಳಿಗೆ ಬಾಯಿಪಾಠವಾಗಿದ್ದವು. ಒಬ್ಬೊಬ್ಬರಿಗೂ ಫೋನ್ ಮಾಡಿ ಸರಿಪಡಿಸಿದ್ದಳು. ಗುಂಡಿ ಒತ್ತಿಸದ ಹೊರತು ಉತ್ತಮ ಈಗ ಯಾರನ್ನೂ ಕೌಂಟರಿನಿಂದ ಬಿಡುತ್ತಿರಲಿಲ್ಲ. ರಾಯಬಾಗದ ಮತ್ತು ನಿಪ್ಪಾಣಿಯ ಲ್ಯಾಬಿನವರು ಇದನ್ನೇ ತಮಗೂ ಹಾಕಿಕೊಡಲು ಕರೆದರು. ಅಲ್ಲಿ ಎಲ್ಲರ ಮುಂದೆ ನಿಂತು ಅವಳು ಮೊದಲು ಹೇಳಿದ್ದು ತನ್ನ ತಪ್ಪನ್ನೇ, ಹೇಳುವಾಗ ದನಿ ತಗ್ಗಲಿಲ್ಲ.

ಕಾಗವಾಡದಲ್ಲಿ ಅಲ್ಲಾಬಕ್ಷನಿಗೆ ಇದೆಲ್ಲ ಪೂರ್ತಿ ತಿಳಿದಿತ್ತೆಂದಲ್ಲ. ಮಗಳು ಎರಡು ಸಲ ಬಿಡಿಸಿ ಹೇಳಿದ್ದಳು. ಅದರಲ್ಲಿ ತನಗೆ ಹಿಡಿದಷ್ಟನ್ನು ಅವನು ಟ್ರ್ಯಾಲಿ ಮಾಡಿಸಲು ಬಂದ ಪ್ರತಿಯೊಬ್ಬನಿಗೂ, ವೆಲ್ಡಿಂಗಿನ ಕನ್ನಡಕ ಹಣೆಗೇರಿಸಿಕೊಂಡು ಹೇಳುತ್ತಿದ್ದ:

“ನನ್ನ ಮಗಳು ಕಳಿಸೂ ಪತ್ರ ಐತಲ್ಲ, ಅದು ಮುಟ್ಟತೈತ್ರಿ.”