ಸ್ವಿಚ್ ಆರಿಸುವ ಕೈ

"ಪಪ್ಪಾ! ಈ ಬೆಚ್ಚಗಿಡೋ ಪೆಟ್ಟಿಗೆ ಸ್ವಿಚ್ ನೀವಾ ಆರಿಸಿದ್ದು?"

ಮಗಳು ಪ್ರೇರಣಾ ಕಾರಿನಲ್ಲಿ ಮರೆತ ಊಟದ ಡಬ್ಬಿ ಹಿಡಿದು ದೆಹಲಿಯ ಓಖ್ಲಾದ ಲ್ಯಾಬಿಗೆ ಬಂದಿದ್ದ ಪೂವಣ್ಣ ಬಾಗಿಲಲ್ಲೇ ನಿಂತರು. ನಿನ್ನೆ ಸಂಜೆ ಅವಳನ್ನು ಜನಕಪುರಿಯ ಮನೆಗೆ ಕರೆದೊಯ್ಯುವಾಗ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸಿದ್ದು ನಿಜ. ಫೌಜಿನಲ್ಲಿ ಸುಬೇದಾರರಾಗಿದ್ದವರು, ಕೋಣೆ ಬಿಡುವಾಗ ಕೈ ತಾನಾಗಿ ಗೋಡೆ ತಡವುತ್ತದೆ. ಒಮ್ಮೆ ಯಾರದೋ ಮದುವೆಯಲ್ಲಿ ಮೈಕನ್ನೇ ಬಂದ್ ಮಾಡಿದ್ದರು.

"ಲೈಟ್ ಜೊತೆ ಅದೂ ಹೋಯ್ತೇನೋ. ಏನಾಯ್ತೀಗ?"

"ಏನಾಯ್ತಾ! ಅದು ಬೆಳಿಗ್ಗೆವರೆಗೂ ಬೆಚ್ಚಗಿರ್ಬೇಕಿತ್ತು. ಈ ಜನವರೀಲಿ ಫ್ರಿಜ್ ಆಗಿ ಕೂತಿದೆ!"

ಪೆಟ್ಟಿಗೆಯೊಳಗಿನ ಪುಟ್ಟ ಟ್ಯೂಬಿನಲ್ಲಿ ಕಿಣ್ವವಿತ್ತು. ಬಿಡಿ ಸಕ್ಕರೆಗಳನ್ನು ಮಣಿಗಳಂತೆ ಪೋಣಿಸಿ, ತಾಯಿಯ ಹಾಲಿನಲ್ಲಿರುವಂಥ ಉದ್ದನೆಯ ಸಕ್ಕರೆ ಕಟ್ಟುವುದು ಅದರ ಕೆಲಸ. ತಿಂಗಳುಗಳಿಂದ ಕಟ್ಟಿರಲಿಲ್ಲ. ಇದೊಂದು ಸಲ ನೋಡು, ಆಗದಿದ್ದರೆ ಬೇರೆ ವಿಷಯ ಹಿಡಿ ಎಂದಿದ್ದರು ಪ್ರೇರಣಾಳ ಗೈಡ್ ಹರೀಶ್ ಸರ್.

"ಒಗಿಯೂಕಿಂತ ಮೊದ್ಲ ಒಂದ್ ಟೆಸ್ಟ್ ಹಾಕ್ ನೋಡು," ಎಂದ ಪಕ್ಕದ ಮೇಜಿನ ಮಹಂತೇಶ. "ಬರ್ರಿ ಅಂಕಲ್, ಕೂಡ್ರಿ. ಡಬ್ಬ್ಯಾಗ ನಿಮ್ಮ ಕೊಡಗಿನ ಅಕ್ಕಿ ಉಂಡಿ, ಕಡಂಬುಟ್ಟು ಐತೇನ್ರಿ?"

ಪ್ರೇರಣಾ ಸಿಡುಕುತ್ತಲೇ ಬೆರಳುದ್ದದ ಬಿಳಿ ಪಟ್ಟಿಗೆ ಒಂದು ಹನಿ ಇಟ್ಟಳು. ಪಟ್ಟಿಯ ಬುಡವನ್ನು ದ್ರಾವಕದಲ್ಲಿ ನಿಲ್ಲಿಸಿ, ಅದು ಮೇಲೇರಿದ ಮೇಲೆ ಬಣ್ಣದಲ್ಲಿ ಅದ್ದಿ ಬಿಸಿ ಮಾಡಿದಳು. ದಿನವೂ ಕಾಣುವ ಬಿಡಿ ಸಕ್ಕರೆಯ ಚುಕ್ಕೆಗಳು ಮೇಲೆ ಮೂಡಿದವು. ಆಮೇಲೆ ತೀರ ಕೆಳಗೆ, ಇಷ್ಟು ದಿನ ಖಾಲಿಯಿದ್ದ ಜಾಗದಲ್ಲಿ, ದಪ್ಪನೆಯ ಚುಕ್ಕೆಯೊಂದು ಮೆಲ್ಲಗೆ ಕಪ್ಪಾಯಿತು. ಉದ್ದನೆಯ ಸಕ್ಕರೆ ಹೆಚ್ಚು ಮೇಲೇರುವುದಿಲ್ಲ.

"ಅರೇ! ಅರೇ ಪಪ್ಪಾ!" ಅವಳು ತಂದೆಯ ತೋಳು ಹಿಡಿದು ಕುಣಿದಳು. "ಈ ಕಿಣ್ವ ಕಟ್ಟಿದ್ದನ್ನ ತಾನೇ ಕತ್ತರಿಸಿ ಹಾಕ್ತಿತ್ತು! ಬೆಚ್ಚಗಿದ್ದಾಗ ಕಟ್ಟಿದೆ, ಆಮೇಲೆ ಚಳಿಗೆ ಕತ್ತರಿಸೋಕೆ ಕೈ ಓಡಿಲ್ಲ!"

"ಅಂದ್ರೆ ಬೈಗುಳ ವಾಪಸ್ಸಾ?"

"ಸಬ್ ವಾಪಸ್!"

ಗಲಾಟೆ ಕೇಳಿ ಬಂದ ಹರೀಶ್ ಸರ್ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು. "ಇನ್ನೊಂದ್ಸಲ ಬಂದ್ರೆ ಇದೇ ನಿನ್ನ ವಿಷಯ. ಇವತ್ತೇ ಹಾಕು. ಎಲ್ಲ ನಿನ್ನೆ ಥರಾನೇ."

ಮಧ್ಯಾಹ್ನ ಹೊಸ ಟ್ಯೂಬ್ ಬೆಚ್ಚಗಿನ ಪೆಟ್ಟಿಗೆ ಸೇರಿತು. ಸಂಜೆ ಪೂವಣ್ಣ ಬಂದು, ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡು ಗೋಡೆಯಿಂದ ಮಾರುದೂರ ನಿಂತರು.

"ಚಲೋ ಪಪ್ಪಾ," ಎಂದಳು ಪ್ರೇರಣಾ. ಬ್ಯಾಗು ಹೆಗಲಿಗೇರಿಸಿ, ಪಕ್ಕಕ್ಕೆ ಸರಿದು ಸ್ವಿಚ್ಚಿನ ದಾರಿ ಬಿಟ್ಟಳು.

ಪೂವಣ್ಣ ಸ್ವೆಟರ್ ಎಳೆದು ಸರಿಮಾಡಿಕೊಂಡರು. ಎದೆ ಸೆಟೆಸಿ, ಪರೇಡಿನ ಹೆಜ್ಜೆ ಹಾಕುತ್ತ ಗೋಡೆಯತ್ತ ನಡೆದರು.