ಎರಡು ಮೊಳೆಗಳ ನಡುವೆ ಒಂದು ಮಾರು

೧
ಎಲ್ಲಿಂದ ಶುರು ಮಾಡಲಿ? ‘ಮಾರು ಎಂದರೆ ಚಾಚಿದ ಎರಡು ತೋಳುಗಳ ತುದಿಯಿಂದ ತುದಿಗಿರುವ ಉದ್ದ’ ಎಂದರೆ ನಿಘಂಟಾಗುತ್ತದೆ, ಕಥೆಯಾಗುವುದಿಲ್ಲ. ಎದೆ ಎಂಬರ್ಥದ ಹಳೆಯ ಪದಕ್ಕೂ ಇದಕ್ಕೂ ನಂಟಿದೆ ಎನ್ನುವವರಿದ್ದಾರೆ. (ಈ ಸಾಲು ಬರೆದು ನಾನೇ ಬೀಗಿದೆ. ಓದುಗರೇ, ಕ್ಷಮಿಸಿ.)

೨
ಹಗ್ಗದಂಗಡಿಯ ನಮ್ಮತ್ತೆಗೆ ಬೀಗಲು ಪುರುಸೊತ್ತಿಲ್ಲ. ಗಲ್ಲಾದ ಹಿಂದಿನ ಗೋಡೆಯಲ್ಲಿ ಎರಡು ಮೊಳೆಗಳಿವೆ. ಅವರು ಅಂಗಡಿಯಲ್ಲಿ ಕೂತ ಮೊದಲ ದಿನ, ಮಾವ ಅವರ ತೋಳು ಚಾಚಿಸಿ, ಬೆರಳ ತುದಿಗಳಿಗೆ ಸರಿಯಾಗಿ ಹೊಡೆದದ್ದು. ಅಂದಿನಿಂದ ಅಂಗಡಿಯ ಮಾರು ಎಂದರೆ ಅತ್ತೆಯ ಮಾರು. ಈಚೆಗೆ ಅವರ ಎಡಭುಜ ಹಿಡಿದುಕೊಂಡಿತು. ಕೈ ಅರ್ಧಕ್ಕೇ ನಿಂತುಬಿಟ್ಟಿತು.

“ಮೊಳೆ ಇದೆಯಲ್ಲಮ್ಮ, ನಾನೇ ಅಳೀತೀನಿ. ನೀನು ಮನೇಲಿ ಆರಾಮಾಗಿರು,” ಎಂದ ಮೈದುನ.

“ನನ್ನ ಕೈ ನೋಡಿ ಹೊಡೆದ ಮೊಳೆ ಕಣೋ. ಅದು ನನ್ನನ್ನೇ ಮನೆಗೆ ಕಳಿಸುತ್ತಾ? ಈ ತಿಂಗಳು ಮುಗಿಯೋದ್ರೊಳಗೆ ಕೈ ಮುಟ್ಟಲಿಲ್ಲ ಅಂದ್ರೆ ನಾನೇ ಎದ್ದು ಹೋಗ್ತೀನಿ.”

೩
ಈ ಕಥೆಯ ಮೊದಲ ಡ್ರಾಫ್ಟಿನಲ್ಲಿ ಕೈ ಏಳಲೇ ಇಲ್ಲ. ಅತ್ತೆ ಮೊಳೆ ಸವರಿ, ಕಣ್ಣೊರೆಸಿಕೊಂಡು ಮನೆಗೆ ಹೋದರು. ಅವರಿಗೇ ಓದಿ ಹೇಳಿದೆ.

“ಥೂ, ಯಾರೇ ಅತ್ತಿದ್ದು? ಹರಿದು ಹಾಕು.”

ಎರಡನೆಯದರಲ್ಲಿ ಸೊಸೆ (ಅಂದರೆ ನಾನು) ಪಕ್ಕ ನಿಂತು ತನ್ನ ಎಡಗೈ ಚಾಚುತ್ತಾಳೆ. ಇಬ್ಬರದೂ ಸೇರಿ ಒಂದು ಮಾರು.

“ನಿನ್ನ ಕೈ ನೀನಿಟ್ಕೋ. ಸಾರಿಗೆ ಉಪ್ಪು ಹಾಕೋಕೂ ಅದಕ್ಕೆ ಅಂದಾಜು ಗೊತ್ತಿಲ್ಲ.”

೪
ಹಾಗಾಗಿ ನಡೆದದ್ದನ್ನೇ ಬರೆಯುತ್ತೇನೆ. ದಿನಾ ಬೆಳಿಗ್ಗೆ ಅತ್ತೆ ಗೋಡೆಗೆ ಬೆನ್ನು ಕೊಟ್ಟು, ಹಲ್ಲು ಕಚ್ಚಿ ಕೈ ಚಾಚಿದರು. ಬೆರಳು ಮುಟ್ಟಿದಲ್ಲಿ ನಾನು ಸೀಮೆಸುಣ್ಣದ ಗುರುತು ಹಾಕಿದೆ. ಗುರುತುಗಳು ಮೊಳೆಯ ಕಡೆ ತೆವಳಿದವು.

ತಿಂಗಳ ಕೊನೆಯ ದಿನ ಅಂಗಡಿ ತುಂಬ ಗಿರಾಕಿಗಳು. ಮೈದುನ ಕೈಕಟ್ಟಿ ನಿಂತಿದ್ದ. ಅತ್ತೆಯ ಬಲಗೈ ಒಂದು ಮೊಳೆ ಮುಟ್ಟಿತು. ಎಡಗೈ ನಿನ್ನೆಯ ಗುರುತು ದಾಟಿತು, ಇನ್ನೊಂದು ಮೊಳೆ ಮುಟ್ಟಿತು, ಅದನ್ನೂ ದಾಟಿತು! (ಸ್ವಲ್ಪ ವಾಲಿದರೇನೋ, ಬಲಗೈ ಮೊಳೆ ಬಿಟ್ಟಿತೇನೋ. ನಾನಂತೂ ಆ ಕಡೆ ನೋಡಲೇ ಇಲ್ಲ.)

ಎತ್ತರದ ಗೋಡೆಗಳಿಗೆ ಹಗ್ಗದಲ್ಲಿ ನೇತಾಡಿ ಬಣ್ಣ ಬಳಿಯುವವನೊಬ್ಬ ಶಿಳ್ಳೆ ಹಾಕಿದ. “ನಂಗೆ ಅಮ್ಮನ ಮಾರೇ ಬೇಕು!”

“ಆ ಮೊಳೆ ಕಿತ್ತು ಇನ್ನೂ ಆಚೆಗೆ ಹೊಡಿಯೋ,” ಎಂದರು ಅತ್ತೆ ಮಗನಿಗೆ. “ಅದು ಹಿಂದೆ ಬಿದ್ದಿದೆ.”

ಮೈದುನ ನಗುತ್ತಾ ಸುತ್ತಿಗೆ ಹುಡುಕಲು ಓಡಿದ. ನಾನು ಸೀಮೆಸುಣ್ಣ ಬಿಟ್ಟು ಪೆನ್ನು ಹಿಡಿದೆ.

೫
ಇಲ್ಲಿಗೆ ಮುಗಿಸಲೇ? ಎದೆಯ ಬಗ್ಗೆ ಚೆಂದದ ಸಾಲೊಂದನ್ನು ಕೊನೆಗೆಂದೇ ಎತ್ತಿಟ್ಟಿದ್ದೆ.

“ಏನೇ ಮುಗಿಸೋದು?” ಅತ್ತೆ ಗೋಡೆಯ ಬಳಿಯಿಂದಲೇ ಗದರಿದರು. “ನಾನಿನ್ನೂ ಕೈ ಇಳಿಸಿಲ್ಲ. ಬಾ, ಹಗ್ಗ ಎಳಿ!”

ಪೆನ್ನು ಕೆಳಗಿಟ್ಟೆ. ಹಗ್ಗದ ತುದಿ ಹಿಡಿದು ಅವರ ಬಲಗೈಯಿಂದ ಹೊರಟಿದ್ದೇನೆ. ಎದೆ ದಾಟಿದೆ, ಎಡಗೈ ಇನ್ನೂ