ಬೆನ್ನಿನ ನೀಲಿ ಧೂಳು

"ಥೂ, ಅಳುಮುಂಜಿ! ಸಂಬಳ ಕೊಡೋದು ಹುಡುಗೇರ ಕಷ್ಟ ಕೇಳಾಕ, ಕೇಳಿ ಅಳಾಕಲ್ಲ!"

ಭೀಮೇಶನ ಗರ್ಜನೆ ಇಡೀ ಕಚೇರಿಗೆ ಕೇಳಿಸಿತು. ರಾಯದುರ್ಗದ ಯುವಜನ ಸೇವಾಸಂಸ್ಥೆಯೊಂದಕ್ಕೆ ಅವನು ಮೇಲ್ವಿಚಾರಕ. ಎದುರಿಗೆ ತಲೆತಗ್ಗಿಸಿ ನಿಂತಿದ್ದ ಓಬಳಮ್ಮ ಅಲ್ಲಿಯ ಕಾರ್ಯಕರ್ತೆ. ಜೀನ್ಸ್ ಹೊಲಿಯುವ ಶೆಡ್ಡುಗಳ ಎಳೆಯ ಹುಡುಗಿಯರ ಬಳಿ ಕುಳಿತು, ಅವರು ಮನೆಯಲ್ಲಿ ತಿಂದ ಪೆಟ್ಟನ್ನೂ, ಮೇಸ್ತ್ರಿಯ ಕೈ ಹರಿದಾಡಿದ ಬಗೆಯನ್ನೂ ಕೇಳುವುದು ಅವಳ ಕಾಯಕ. ಕೇಳಿದ್ದೆಲ್ಲ ಕಿವಿಯಿಂದಿಳಿದು ಒಡಲಲ್ಲಿ ನೆಲೆಗೊಂಡಿತ್ತು. ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. ಯಾರಾದರೂ ಹಿಂದಿನಿಂದ ಬಂದರೆ ಮೈ ಬೆಚ್ಚುತ್ತಿತ್ತು.

"ಭಾನುವಾರ ಒಂದಿನ ರಜಾ ಕೊಡ್ರಿ ಸಾರ್. ಶೆಡ್ಡಿಗೆ ರಜಾ ಇದ್ದಾಗ ಹುಡುಗೇರ ಮನೀಗೆ ಹೋಗು ಅಂತೀರಿ. ನನಗ ಯಾವ ವಾರನೂ ರಜಾ ಇಲ್ರಿ."

"ಈ ಭಾನುವಾರ ನಿಮಗಂತನೇ ಸೆಲ್ಫ್ ಕೇರ್ ಶಿಬಿರ ಇಟ್ಟೀನಿ. ಬೆಳಿಗ್ಗಿಂದ ಸಂಜಿತನಕ ಬಂದು ಕುಂದ್ರು, ಮನಸ್ಸಿಗೆ ವಿಶ್ರಾಂತಿ. ಬರದಿದ್ರ ಕೆಲಸ ಇಲ್ಲ. ಮತ್ತ ಶೆಡ್ಡಿನ ಆ ಮಂಜುಳಾನ ಕರ್ಕೊಂಡು ಬಾ. ಸಂಸ್ಥೆಗೆ ರೊಕ್ಕ ಕೊಡೋ ದೊಡ್ಡೋರು ಬರ್ತಾರ, ಆಕಿ ಕಥಿ ಇನ್ನೊಂದ್ಸಲ ಹೇಳ್ಲಿ."

ವಿಶ್ರಾಂತಿಗೂ ಹಾಜರಿ ಕಡ್ಡಾಯವಾದುದನ್ನು ಕಂಡು ಓಬಳಮ್ಮನಿಗೆ ಅಳುವಿನ ನಡುವೆಯೂ ನಗು ಬಂದಿತು.

ಸಂಜೆ ಅವಳು ಶೆಡ್ಡಿಗೆ ಹೋದಾಗ ಯಂತ್ರಗಳು ಮೌನವಾಗಿದ್ದವು. ಹೊಲಿದ ಬಟ್ಟೆಯ ನೀಲಿ ಧೂಳು ಎಲ್ಲರ ಮೈಮೇಲೂ ಕುಳಿತಿತ್ತು. ಮುಂಭಾಗವನ್ನು ತಾವೇ ಕೊಡವಿಕೊಳ್ಳಬಹುದು. ಬೆನ್ನಿಗೆ ಮಾತ್ರ ಇನ್ನೊಬ್ಬಳ ಕೈಯೇ ಬೇಕು. ಬೆನ್ನು ಕೊಡವಿಸಿಕೊಳ್ಳದೆ ಯಾರೂ ಹೊಸ್ತಿಲು ದಾಟಬಾರದೆಂಬುದು ಅಲ್ಲಿಯ ಹೆಂಗಸರೇ ಮಾಡಿಕೊಂಡ ನೇಮ. ಧೂಳು ಮನೆಗೆ ಹೋದರೆ ಕೂಸಿನ ತೊಟ್ಟಿಲನ್ನೂ ಬಿಡದು. ಓಬಳಮ್ಮನೂ ಹಿಂದೆ ಇಲ್ಲಿಯೇ ಹೊಲಿಯುತ್ತಿದ್ದವಳು.

ದಾರ ಕತ್ತರಿಸುವ ಮುದುಕಿ ಬೊಮ್ಮಕ್ಕ ಅವಳನ್ನು ಕಂಡೊಡನೆ ಕೆಣಕಿದಳು: "ಏನಲೇ, ಗಂಡ ಬಿಟ್ಟು ಓಡಿದಂಗ ಮಾರಿ ಮಾಡ್ಕೊಂಡೀ? ಇನ್ನಾ ಮದಿವ್ಯಾದ್ರೂ ಆಗಿಲ್ಲಲ್ಲೇ!"

ಓಬಳಮ್ಮ ಭೀಮೇಶನ ಅಪ್ಪಣೆಯನ್ನು ತಿಳಿಸಿದಳು. ಹದಿನೇಳರ ಮಂಜುಳಾಳ ಮುಖ ಕಪ್ಪಿಟ್ಟಿತು.

"ಮತ್ತ ಹೇಳಬೇಕೇನಕ್ಕಾ? ಹೇಳಿದ ದಿನ ನನಗ ನಿದ್ದಿ ಬರಂಗಿಲ್ಲ."

"ಕೇಳಿದ ದಿನ ನನಗೂ ಬರಂಗಿಲ್ಲವ್ವಾ."

"ಆ ಭೀಮೇಶ ಭಾಡ್ಯಾ ಮಾತ್ರ ಗೊರಕಿ ಹೊಡೀತಾನ," ಎಂದಳು ಬೊಮ್ಮಕ್ಕ. "ಲೇ ಹುಡುಗೇರಾ, ಇವತ್ತು ಈಕಿ ಮುಂದ ಯಾರೂ ಏನೂ ಹೇಳಬ್ಯಾಡ್ರಿ. ಓಬಳೀ, ಆ ಕಡಿ ತಿರುಗು."

"ನಾನೇನು ಈಗ ಹೊಲೀತೀನೇನಬೇ? ನನ್ನ ಬೆನ್ನಾಗ ಏನೈತಿ?"

"ನಿನ್ನ ಬೆನ್ನು ನೀ ಯಾವಾಗ ನೋಡೀಯೇ? ತಿರುಗಲೇ!"

ಮುದುಕಿಯ ಒರಟು ಅಂಗೈ ಬೆನ್ನ ಮೇಲೆ ಪಟಪಟನೆ ಬಿದ್ದಿತು. ಮೊದಲ ಪೆಟ್ಟಿಗೆ ಓಬಳಮ್ಮ ಬೆಚ್ಚಿದಳು; ಅನಂತರ ಬೆಚ್ಚಲಿಲ್ಲ. ಅಂದು ಬೊಮ್ಮಕ್ಕನ ಬುತ್ತಿಯಲ್ಲಿ ಉಳಿದಿದ್ದ ಅರ್ಧ ರೊಟ್ಟಿ ಓಬಳಮ್ಮನ ಗಂಟಲಲ್ಲಿ ಇಳಿಯಿತು.

ಭಾನುವಾರ ಸಭಾಂಗಣದಲ್ಲಿ ಭೀಮೇಶ ಮೈಕು ಹಿಡಿದು ಬೋಧಿಸುತ್ತಿದ್ದನು. ಅತಿಥಿಗಳು ಮುಂದಿನ ಸಾಲಿನಲ್ಲಿ ಆಸೀನರಾಗಿದ್ದರು. "ಎಲ್ಲರೂ ಕಣ್ಣು ಮುಚ್ಚಿ. ದೀರ್ಘವಾಗಿ ಉಸಿರೆಳೆಯಿರಿ. ನೀವೀಗ ಸಮುದ್ರತೀರದಲ್ಲಿದ್ದೀರಿ."

ಸಮುದ್ರವನ್ನೆಂದೂ ಕಾಣದ ಓಬಳಮ್ಮ ಬೊಮ್ಮನಹಾಳಿನ ಕಾಲುವೆಯನ್ನೇ ನೆನೆಯುತ್ತಿರಲು ಬಾಗಿಲು ಧಡಾರನೆ ತೆರೆಯಿತು. ಬೊಮ್ಮಕ್ಕ, ಅವಳ ಹಿಂದೆ ಮಂಜುಳಾ, ಅವಳ ಹಿಂದೆ ಇಡೀ ಶೆಡ್ಡು.

ಭೀಮೇಶನ ಮುಖವರಳಿತು. "ಬರ್ರಿ, ಬರ್ರಿ! ಮಂಜುಳಾ, ಮ್ಯಾಲ ಬಾರವ್ವಾ, ನಿನ್ನ ಕಥಿ ಹೇಳು."

"ನಾ ಹೇಳಂಗಿಲ್ರಿ," ಎಂದಳು ಮಂಜುಳಾ. "ಅಕ್ಕನ್ನ ಕರ್ಕೊಂಡು ಹೋಗಾಕ ಬಂದೀವಿ. ಆಕಿಗೆ ಇವತ್ತು ರಜಾ."

"ರಜಾ ಕೊಟ್ಟೋರ್ಯಾರು?"

"ನಾವು."

"ಓಬಳಮ್ಮಾ, ಎದ್ದು ಹೋದ್ರ ನಾಳಿಂದ ಬರಬ್ಯಾಡ ಮತ್ತ!"

ಓಬಳಮ್ಮ ಎದ್ದಳು. ಹೊಸ್ತಿಲವರೆಗೆ ನಡೆದು ನಿಂತು, ಸಭೆಗೆ ಎದುರಾಗಿ, ಬೆನ್ನನ್ನು ಮಂಜುಳಾಳಿಗೆ ಒಪ್ಪಿಸಿದಳು. ಅಷ್ಟು ಗದ್ದಲದಲ್ಲೂ ಶಿಸ್ತಾಗಿ ಕಣ್ಣು ಮುಚ್ಚಿಯೇ ಇದ್ದ ಅತಿಥಿಗಳು ಪಟಪಟ ಸದ್ದಿಗೆ ಒಬ್ಬೊಬ್ಬರಾಗಿ ಕಣ್ಣು ತೆರೆದರು.

ಬೊಮ್ಮಕ್ಕ ತೋಳೇರಿಸಿ ವೇದಿಕೆ ಹತ್ತಿದಳು. "ಸಾರ್, ನೀವೂ ತಿರುಗ್ರಿ. ನಿಮ್ಮದೂ ಕೊಡವತೀನಿ. ಭಾಳ ದಿನದ್ದು ಐತಿ, ಸ್ವಲ್ಪ ಜೋರ ಬೀಳತೈತಿ."

ಭೀಮೇಶ ಹಿಂದೆ ಸರಿಯುತ್ತ ಸರಿಯುತ್ತ ಬೆನ್ನನ್ನು ಗೋಡೆಗೆ ಒತ್ತಿಕೊಂಡನು. ಕೈಯಲ್ಲಿದ್ದ ಮೈಕು ಇನ್ನೂ ಚಾಲೂ ಇತ್ತು. ಅವನ ದೀರ್ಘವಾದ ಉಸಿರು ಸಭಾಂಗಣದ ತುಂಬ ಕೇಳುತ್ತಿತ್ತು.